ಅಣ್ಣ ರಿಪೇರಿ ಮಾಡಿದ ಮಿನಿ ಬೈಕು

ಅಪ್ಪ ನಿವೃತ್ತರಾಗಿ ಕಾರ್ಗಲ್‌ನ ಕ್ವಾರ್ಟರ್ಸ್ ಖಾಲಿ ಮಾಡಿದಾಗ ಲಾರಿಗೆ ಕೊನೆಯದಾಗಿ ಹತ್ತಿದ ಸಾಮಾನು ಒಂದು ಮಿನಿ ಬೈಕು. ಅದನ್ನು ಸಾಗರಕ್ಕೆ ತರಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಬರುತ್ತೇನೆಂದಿದ್ದ ಗುಜರಿಯವನು ಆ ದಿನ ಬರಲಿಲ್ಲ, ಅಷ್ಟೇ. ಮೊಣಕಾಲೆತ್ತರದ ಚಕ್ರಗಳು, ಸೋರೆಕಾಯಿಯಂಥ ಟ್ಯಾಂಕು, ಒಬ್ಬರೇ ಕೂರಬಹುದಾದ ಸೀಟು. ನಾನು ಚಿಕ್ಕವಳಿದ್ದಾಗ ಅಪ್ಪ ಅದರ ಮೇಲೆ ಕೆಲಸಕ್ಕೆ ಹೋಗುತ್ತಿದ್ದರೆ, ದೊಡ್ಡವರೊಬ್ಬರು ಯಾವುದೋ ಮಗುವಿನ ಆಟಿಕೆ ಕಿತ್ತುಕೊಂಡು ಓಡಿಹೋಗುತ್ತಿರುವಂತೆ ಕಾಣುತ್ತಿತ್ತು.

ಸಾಗರದ ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ ಅದು ನಿಂತಿತು. ಅದರ ಹ್ಯಾಂಡಲ್ಲಿಗೆ ಹಗ್ಗದ ಒಂದು ತುದಿ ಕಟ್ಟಿ ಅಮ್ಮ ಬಟ್ಟೆ ಒಣಗಿಸುತ್ತಿದ್ದಳು. ಕೆಲವು ವರ್ಷ ಗಾಡಿ ಮನೆಗೆ ಸಲ್ಲಿಸಿದ ಸೇವೆ ಇದೊಂದೇ.

ನಾನು ಊರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ವಾರವಿಡೀ ಮಾತಾಡುವ ಕೆಲಸ. ಸ್ವಭಾವತಃ ನಾನು ಮಾತಿನವಳಲ್ಲ. ಭಾನುವಾರಗಳಲ್ಲಿ ಬಾಯಿ ತೆರೆಯದೆ ಮಾಡಬಹುದಾದ ಕೆಲಸವೊಂದು ಬೇಕಿತ್ತು. ಹಳೇ ಗಾಡಿಯನ್ನು ಬಿಚ್ಚಿ, ತೊಳೆದು, ಜೋಡಿಸುವುದು ಅಂಥ ಕೆಲಸವೆಂದು ನನ್ನ ಅಂದಾಜಾಗಿತ್ತು. ಸ್ಪ್ಯಾನರ್ ಹಿಡಿದ ಮೊದಲ ವಾರವೇ ಆ ಅಂದಾಜು ಸುಳ್ಳಾಯಿತು. ಬೇಲಿಯಾಚೆಯಿಂದ ಸಲಹೆಗಳು ಬರತೊಡಗಿದವು. ಎಲ್ಲ ಸಲಹೆಗಳ ಸಾರಾಂಶ ಒಂದೇ: ಯಾರಿಗಾದರೂ ತೋರಿಸು. ಆ ‘ಯಾರಾದರೂ’ ಗಂಡಸಾಗಿರಬೇಕೆಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಜಗಲಿಯ ಮೇಲೆ ಬಿಡಿಭಾಗಗಳು ಹರಡಿಕೊಂಡಷ್ಟೂ ಅಮ್ಮನ ಬಟ್ಟೆಯ ಹಗ್ಗ ಗಿಡ್ಡವಾಗುತ್ತ ಬಂತು.

“ಮಳೆಗಾಲಕ್ಕೆ ಬಟ್ಟೆ ಒಣಗ್ಸಕ್ಕೆ ಜಾಗ ಇಲ್ಲೆ, ಇದಕ್ಕೊಂದು ಆಸ್ಪತ್ರೆ ಬೇರೆ!” ಎಂದಳು.

ಅಪ್ಪ ಪೇಪರಿನಿಂದ ತಲೆಯೆತ್ತದೆ ತೀರ್ಪು ಕೊಟ್ಟರು: “ಮಳೆ ಹಿಡಿಯದ್ರೊಳಗೆ ಓಡಿದ್ರೆ ನಿಂದು. ಇಲ್ದಿದ್ರೆ ಗುಜರಿಯವಂದು.”

ಅಪ್ಪ ಕಡಿಮೆ ಮಾತಾಡುತ್ತಾರೆ, ಆಡಿದ್ದನ್ನು ಮಾಡುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ನಾನೂ ಹಾಗೇ.

ಚಾಸಿಯ ತುಕ್ಕು ಮೊದಲ ತೊಡಕಾಗಿತ್ತು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರಿನಲ್ಲಿ ಟ್ಯಾನಿನ್ ಹೇರಳವಾಗಿರುತ್ತದೆ. ಟ್ಯಾನಿನ್ ತುಕ್ಕಿನ ಜೊತೆ ಸೇರಿದರೆ ಕಪ್ಪಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಸುಗ್ಗಿಯ ಕಾಲ, ಅಮ್ಮನ ತವರಿನಿಂದ ಒಂದು ಕ್ಯಾನ್ ಚೊಗರು ತರಿಸಿ, ಬ್ರಷ್‌ನಿಂದ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿದೆ. ಕೆಂಪು ತುಕ್ಕು ಕಪ್ಪಾಯಿತು. ನನ್ನ ಕೈಗಳೂ ಕಪ್ಪಾದವು. ಗಾಡಿಯ ಮೇಲಿನ ಕಪ್ಪನ್ನು ಯಾರೂ ಗಮನಿಸಲಿಲ್ಲ.

ಬಿಡಿಭಾಗಗಳಿಗಾಗಿ ಸಾಗರದ ಅಂಗಡಿಗಳನ್ನೆಲ್ಲ ಸುತ್ತಿದೆ. “ಮೇಡಂ, ಇದ್ರ ಜೊತೆ ಹುಟ್ಟಿದ ಗಾಡಿಗಳೆಲ್ಲ ತಿಥಿ ಮಾಡ್ಸ್ಕಂಡಾಯ್ತು” ಎಂದ ಒಬ್ಬ. ಇನ್ನೊಬ್ಬ ಹೊಸನಗರದ ಅಂಗಡಿಯೊಂದರ ದಾರಿ ಹೇಳಿದ. ಮಾರಾಟವಾಗದ ಯಾವುದನ್ನೂ ಎಸೆಯದ ಅಂಗಡಿಯಂತೆ ಅದು.

ಭಾನುವಾರ ಬಸ್ ಹತ್ತಿ ಹೋದೆ. ಗಲ್ಲೆಯಲ್ಲಿ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದ ಹಿರಿಯರು, ಕನ್ನಡಕವನ್ನು ಹಣೆಗೇರಿಸಿ, “ಯಾರಿಗೆ ಬೇಕಿತ್ತು?” ಎಂದರು. ಏನು ಬೇಕೆಂದು ಕೇಳಲಿಲ್ಲ.

“ನನಗೇ. ಕ್ಲಚ್ ಕೇಬಲ್.”

“ನಿಮ್ಗಾ? ಗಾಡಿ ಬಿಚ್ಚಿದ್ ಯಾರು?”

“ನಾನೇ.”

ಅವರು ಉಗಿಯಲು ಹೊರಗೆ ಹೋಗಿ, ನಿಧಾನವಾಗಿ ಒಳಗೆ ಬಂದರು. “ಮೆಕ್ಯಾನಿಕ್ಕನ್ನ ಕಳ್ಸಿ ಮೇಡಂ. ನಿಮ್ಗೆ ಒಂದ್ ಕೊಡದು, ನೀವು ಅದಲ್ಲ ಅಂತ ವಾಪಸ್ ತರದು. ಯಾಕ್ ಸುಮ್ನೆ?”

ಬರಿಗೈಯಲ್ಲಿ ಬಂದೆ. ಮುಂದಿನ ಭಾನುವಾರ ಅದೇ ಅಂಗಡಿ, ಅದೇ ಗಲ್ಲೆ. ಪ್ರಯೋಗಾಲಯದಲ್ಲಿ ಮಾಡುವಂತೆ ಒಂದನ್ನು ಮಾತ್ರ ಬದಲಿಸಿದೆ: “ಅಣ್ಣ ಕ್ಲಚ್ ಕೇಬಲ್ ತರಕ್ಕೆ ಹೇಳಿದಾನೆ.”

ನಾನು ವಾಕ್ಯ ಮುಗಿಸುವ ಹೊತ್ತಿಗೆ ಕೇಬಲ್ ಗಲ್ಲೆಯ ಮೇಲಿತ್ತು. ತಾನು ಖರ್ಚಾಗದೆ ಉಳಿದವರಿಂದ ಕೆಲಸ ಮಾಡಿಸುವ ವಸ್ತುವಿಗೆ ನಮ್ಮ ಶಾಸ್ತ್ರದಲ್ಲಿ ವೇಗವರ್ಧಕ ಎನ್ನುತ್ತಾರೆ. ಅಪ್ಪ-ಅಮ್ಮನಿಗೆ ಇರುವುದು ನಾನೊಬ್ಬಳೇ, ಅಣ್ಣನಿಲ್ಲ. ಹಾಗಾಗಿ ಅಣ್ಣ ಖರ್ಚಾಗುವ ಪ್ರಶ್ನೆಯೇ ಇರಲಿಲ್ಲ.

ನಂತರದ ಭಾನುವಾರಗಳಲ್ಲಿ ಅಣ್ಣ ಬೆಳೆದ. ನಾನೇನೂ ಕಥೆ ಕಟ್ಟಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅಣ್ಣ ತಾನೇ ಯಾಕೆ ಬರೋದಿಲ್ಲ? ಜನರ ಜೊತೆ ಮಾತು ಕಮ್ಮಿ. ಏನು ಓದಿದ್ದಾನೆ? ಎಂ.ಎಸ್ಸಿ. ಚಟ? ಭಾನುವಾರ ಗಾಡಿ ಬಿಚ್ಚುವುದೊಂದೇ. ತುಕ್ಕು ಹೇಗೆ ತೆಗೆದ? ಚೊಗರು ಹಚ್ಚಿದ. ಇಷ್ಟೂ ನಿಜವೇ, ಕರ್ತೃಪದ ಒಂದನ್ನು ಬಿಟ್ಟು.

“ಚೊಗರಾ!” ಅವರು ಗಲ್ಲೆ ತಟ್ಟಿದರು. “ಎಂತಾ ತಲೆ ಮಾರಾಯ್ತಿ ನಿನ್ ಅಣ್ಣಂದು! ನಾವು ಜೀವಮಾನವೆಲ್ಲ ಅದನ್ನ ಕೈಗೆ ಹತ್ತಿಸ್ಕಂಡ್ ಕೂತ್ವೇ ಹೊರತು ಹೊಳೀಲಿಲ್ಲ ನೋಡು.”

ನನ್ನ ಬುದ್ಧಿಯ ಬಗ್ಗೆ ಇಷ್ಟು ಮನಸಾರೆ ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ತಲೆ ತಗ್ಗಿಸಿ, “ಅಣ್ಣಂಗೆ ಹೇಳ್ತೀನಿ” ಎಂದೆ.

ಬೇಸಿಗೆ ಮುಗಿಯುತ್ತ ಬಂದಾಗ ಗಾಡಿಯ ಎಲ್ಲವೂ ಜೋಡಣೆಯಾಗಿತ್ತು, ಸ್ಪಾರ್ಕ್ ಮಾತ್ರ ಬರುತ್ತಿರಲಿಲ್ಲ. ಇಗ್ನಿಷನ್ ಕಾಯಿಲ್ ಸತ್ತಿತ್ತು. ಆ ಮಾದರಿಯ ಕಾಯಿಲ್ ಹೊಸನಗರದ ಅಂಗಡಿಯ ಅಟ್ಟದಲ್ಲಿ ಒಂದೇ ಒಂದು ಇತ್ತು. ಅವರು ಅದನ್ನು ಇಳಿಸಿ ಧೂಳು ಊದುತ್ತಿದ್ದಾಗ ನನಗೆ ಫೋನ್ ಬಂತು. ಅಮ್ಮ. ಅಭ್ಯಾಸಬಲದಿಂದ ಮನೆಮಾತಿನಲ್ಲಿ, “ಬಸ್ ಸಿಕ್ಕಿದ ಕೂಡ್ಲೆ ಬತ್ತೆ” ಎಂದುಬಿಟ್ಟೆ.

ಹಿರಿಯರ ಕೈ ನಿಂತಿತು. ಅವರೂ ನಮ್ಮ ಜನವೇ; ಅಂಗಡಿಯ ಕನ್ನಡ ಬಿಟ್ಟು ನಮ್ಮ ಮನೆಮಾತಿಗೇ ಇಳಿದರು. “ಅಯ್ಯೋ ತಂಗೀ, ನೀನು ನಮ್ಮವು ಹೇಳಿ ಗೊತ್ತೇ ಇಲ್ಲೆ! ಅಣ್ಣಂಗೆ ಮದುವೆ ಆಯ್ದಾ?”

“ಇಲ್ಲೆ” ಎಂದೆ. ಅದೂ ನಿಜವೇ.

ಈಗ ನಮ್ಮ ಕಡೆ ಗಂಡುಗಳ ಜಾತಕಗಳು ಊರೂರು ಸುತ್ತಿ, ಕೊನೆಗೆ ಕಂಡಕ್ಟರುಗಳಿಗಿಂತ ಚೆನ್ನಾಗಿ ರಸ್ತೆ ಕಲಿತು ವಾಪಸಾಗುವ ಕಾಲ. ಹೆಣ್ಣಿನ ಕಡೆಯವರು ತಾವಾಗಿ ಕೇಳುವ ಗಂಡು ಯಾವ ಮನೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಸಿಕ್ಕಿದ್ದ. ಅಂಗಡಿಯ ಹಿರಿಯರ ತಂಗಿಯ ಮಗಳು ತೀರ್ಥಹಳ್ಳಿಯಲ್ಲಿ ಬ್ಯಾಂಕ್ ಉದ್ಯೋಗಿ, ಬಂದ ಗಂಡುಗಳನ್ನೆಲ್ಲ ಬೇಡವೆಂದಿದ್ದಾಳೆ. ಅವಳ ಷರತ್ತು ಎರಡೇ: ಕೈಕೆಲಸ ಗೊತ್ತಿರಬೇಕು, ಬಾಯಿ ಕಡಿಮೆಯಿರಬೇಕು.

“ನಿನ್ನ ಅಣ್ಣನ್ನೇ ನೋಡಿ ಹೇಳಿದಾಂಗೆ ಇದ್ದು!” ಎಂದು ಅವರು ಕಾಯಿಲನ್ನು ಮತ್ತೆ ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡು, ನಮ್ಮ ಮನೆಯ ವಿಳಾಸ, ಫೋನ್ ನಂಬರು ಬರೆದುಕೊಂಡರು. “ಬಪ್ಪ ಭಾನುವಾರ ಮನೆ ನೋಡಕ್ಕೆ ಬತ್ಯ. ಇದನ್ನ ಮಾಣಿ ಕೈಲೇ ಕೊಡ್ತೆ.”

ಮನೆ ನೋಡುವುದೆಂದರೆ ನಮ್ಮಲ್ಲಿ ಸಣ್ಣ ಶಾಸ್ತ್ರವಲ್ಲ. ಹುಡುಗಿಯನ್ನು ತೋರಿಸುವ ಮೊದಲು ಅವಳ ಕಡೆಯವರು ಹುಡುಗನ ಮನೆಗೆ ಬಂದು ನೀರಿನ ಅನುಕೂಲ, ಬಚ್ಚಲು, ಅಡುಗೆಮನೆಯ ಬೆಳಕು, ಅತ್ತೆಯಾಗುವವಳ ದನಿ, ಎಲ್ಲವನ್ನೂ ನೋಡುತ್ತಾರೆ. ಹುಡುಗ ಇದ್ದಾನೋ ಇಲ್ಲವೋ ಎಂಬುದು ಮಾತ್ರ ಸಾಮಾನ್ಯವಾಗಿ ಪರೀಕ್ಷೆಯ ವಿಷಯವಲ್ಲ.

ಮನೆಗೆ ಬಂದು ಹೇಳಿದೆ. ಅಮ್ಮ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಹುಡುಗಿಯ ವಿಷಯ ಹಿಡಿದು, “ಕೂಸು ಯಾವ ಬ್ಯಾಂಕಡ?” ಎಂದಳು.

“ಅಮ್ಮಾ, ಅಣ್ಣ ಇಲ್ಲೆ.”

“ಗೊತ್ತಿದ್ದು. ಸುಮ್ನೆ ಕೇಳ್ದಿ.” ಇಲ್ಲದ ಮಗನಿಗೆ ಬಂದ ಒಳ್ಳೆಯ ಸಂಬಂಧ ಕೈತಪ್ಪುತ್ತಿದೆಯಲ್ಲ ಎಂಬ ಸಂಕಟ ಅವಳ ಮುಖದಲ್ಲಿ ಸ್ಪಷ್ಟವಾಗಿತ್ತು.

ಅಂಗಡಿಗೆ ಫೋನ್ ಮಾಡಿ ಬರಬೇಡಿ ಎಂದರೆ ವಿಷಯ ಮುಗಿಯುತ್ತಿತ್ತು. ಆದರೆ ಕಾಯಿಲ್ ಅವರ ಚೀಲದಲ್ಲಿತ್ತು. ಸಂಜೆಯ ಮೋಡಗಳು ಆಗಲೇ ಪಶ್ಚಿಮದಲ್ಲಿ ರಾಶಿ ಬೀಳತೊಡಗಿದ್ದವು. ಅಪ್ಪ ದಿನವೂ ಅಂಗಳಕ್ಕೆ ಹೋಗಿ ಅವುಗಳನ್ನು ನೋಡಿ, ನಂತರ ನನ್ನ ಗಾಡಿಯನ್ನು ನೋಡಿ ಒಳಗೆ ಬರುತ್ತಿದ್ದರು. ಫೋನ್ ಮಾಡಲಿಲ್ಲ.

ಭಾನುವಾರ ಹಿರಿಯರು ತಂಗಿಯನ್ನು ಕರೆದುಕೊಂಡು ಬಂದೇ ಬಂದರು. ತಂಗಿ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದರು. ಹಿರಿಯರು ನೇರ ಹಿಂದಿನ ಜಗಲಿಗೆ ಹೋಗಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಾಸಿಯ ಮೇಲೆ ಬೆರಳಾಡಿಸಿದರು. ಮದುಮಗನ ಮೈದಡವಿದಂತಿತ್ತು.

“ಎಂತಾ ಕೆಲಸ! ಮಾಣಿ ಎಲ್ಲಿ?”

ಅಪ್ಪ ನನ್ನ ಕಡೆ ನೋಡಿದರು. ಅಮ್ಮ ಗರಿಗರಿ ಸಿಹಿ ತೊಡದೇವಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

“ಅಣ್ಣ ಇಲ್ಲೆ” ಎಂದೆ.

“ಎಲ್ಲಿಗೆ ಹೋಯ್ದ?”

“ಹೋಗಿದ್ದಲ್ಲ. ಹುಟ್ಟಿದ್ದೇ ಇಲ್ಲೆ.”

ಅವರಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಆಮೇಲೆ ಒಂದೊಂದಾಗಿ ಕೇಳಿದರು. “ಕೇಬಲ್ ಹಾಕಿದ್ದು?” “ಆನು.” “ಕಾರ್ಬೊರೇಟರ್ ಬಿಚ್ಚಿದ್ದು?” “ಆನು.” “ಚೊಗರು?” ಎನ್ನುವಾಗ ಅವರ ದನಿ ಬೇಡಿಕೊಳ್ಳುವಂತಿತ್ತು, ಅದಾದರೂ ಅವನದ್ದಿರಲಿ ಎಂಬಂತೆ.

“ಅದೂ ಆನೇ.”

ಹಿರಿಯರು ಚೀಲವನ್ನು ತೊಡೆಯ ಮೇಲೆಳೆದುಕೊಂಡರು. ಸುಳ್ಳು ಹೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಹತ್ತಿರದವರೊಬ್ಬರು ತೀರಿಕೊಂಡ ಸುದ್ದಿ ಕೇಳಿದವರಂತೆ ಕೂತಿದ್ದರು.

ತಂಗಿ ಮಾತ್ರ ತೊಡದೇವು ಮುರಿಯುತ್ತ, “ನಂಗೆ ಬಸ್ಸಲ್ಲೇ ಸಂಶಯ ಬಂದಿತ್ತು” ಎಂದರು. “ಇಷ್ಟು ಒಳ್ಳೆ ಮಾಣಿ ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಉಳಿಯದು ಹೆಂಗೆ? ಅಣ್ಣಯ್ಯಾ, ಕಾಯಿಲ್ ಕೊಟ್ಟುಬಿಡು. ವಾಪಸ್ ಹೊತ್ಕಂಡು ಹೋಗಿ ಎಂತ ಮಾಡ್ತೆ?”

ಹಿರಿಯರು ನನ್ನ ಕಡೆ ಗಲ್ಲ ತೋರಿಸಿ ಅಪ್ಪನನ್ನು ಕೇಳಿದರು, “ಹಾಕಕ್ಕೆ ಬತ್ತಾ ಇದಕ್ಕೆ?”

“ಅದನ್ನೇ ಕೇಳಿ” ಎಂದರು ಅಪ್ಪ.

ಕೇಳಲಿಲ್ಲ, ಆದರೆ ಕಾಗದದ ಪೊಟ್ಟಣ ಚೀಲದಿಂದ ಹೊರಬಂತು. ನಾನು ತೆಗೆದುಕೊಂಡೆ. ಎರಡು ಬೋಲ್ಟು, ಒಂದು ವೈರು, ಪ್ಲಗ್ಗಿನ ಕ್ಯಾಪು. ಕೆಲಸ ದೊಡ್ಡದಲ್ಲ. ಹಿರಿಯರು ನನ್ನ ಹೆಗಲ ಮೇಲಿಂದ ಬಗ್ಗಿ, ನಾನು ಅರ್ಥಿಂಗ್ ಕೊಟ್ಟ ಮೇಲೆ “ಅರ್ಥಿಂಗ್ ಕೊಡು” ಎಂದರು. ಬಿಗಿ ಮಾಡಿದ ಮೇಲೆ “ಬಿಗಿ ಮಾಡು” ಎಂದರು. ಪೆಟ್ರೋಲಿಗೆ ಆಯಿಲ್ ಬೆರೆಸಿದ್ದೇನೆಂದು ಅವರು ಕೇಳುವ ಮೊದಲೇ ಹೇಳಿ, ಟ್ಯಾಂಕಿನ ನಲ್ಲಿ ತೆರೆದು, ಕಿಕ್ಕರ್ ತುಳಿದೆ. ಏನೂ ಆಗಲಿಲ್ಲ. ಮತ್ತೆ ತುಳಿದೆ. ಹಿರಿಯರ ಮುಖದಲ್ಲಿ ಮೆಲ್ಲಗೆ ನೆಮ್ಮದಿ ಮೂಡತೊಡಗಿತು. ಚೋಕ್ ಎಳೆದು ಇನ್ನೊಮ್ಮೆ ತುಳಿದೆ.

ಗಾಡಿ ಕೆಮ್ಮಿತು, ಉಗುಳಿತು, ನಂತರ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಜಗಲಿ ಬಿಳಿ ಹೊಗೆಯಿಂದ ತುಂಬಿತು. ಅಮ್ಮ ತೊಡದೇವಿಗೆ ಸೆರಗು ಮುಚ್ಚಿದಳು.

ಹಿರಿಯರು ಕಣ್ಣೊರೆಸಿಕೊಂಡರು, ಹೊಗೆಗೋ ಏನೋ. ಎಂಜಿನ್ನಿನ ಸದ್ದಿನ ಮೇಲೆ ಅಪ್ಪನಿಗೆ ಕೂಗಿ ಹೇಳಿದರು, “ನಿಂಗಕ್ಕೆ ಒಬ್ಬ ಮಗ ಇದ್ದಿದ್ರೆ ಎಷ್ಟು ಚೊಲೋ ಇತ್ತು!”

ಅಪ್ಪ ನನ್ನ ಕಡೆ ಕೈತೋರಿಸಿ ಅಷ್ಟೇ ಜೋರಾಗಿ ಹೇಳಿದರು, “ಇದ್ದಿದ್ರೆ ಅವನೂ ಗಾಡಿ ರಿಪೇರಿಗೆ ಇದನ್ನೇ ಕರೀತಿದ್ದ!”

ಆ ವಾರವೇ ಹಿರಿಯರಿಂದ ಅಮ್ಮನಿಗೆ ಫೋನ್ ಬಂತು. ಮನಸ್ಸು ಒಳ್ಳೆಯದು ಅವರದು; ಮಾಣಿ ಇಲ್ಲದಿದ್ದರೇನು, ಕೂಸಾದರೂ ಇದೆಯಲ್ಲ ಎಂದು ನಾಲ್ಕು ಮನೆಗಳಲ್ಲಿ ನನ್ನ ಪ್ರಸ್ತಾಪ ಮಾಡಿದ್ದರಂತೆ. ಅಣ್ಣನ ಗುಣಗಳನ್ನೇ ಒಂದೂ ಬಿಡದೆ ವರ್ಣಿಸಿದ್ದರಂತೆ. ಮಾತು ಕಮ್ಮಿ ಎಂದದ್ದಕ್ಕೆ ಒಂದು ಮನೆಯವರು ಜಂಬ ಇರಬೇಕು ಎಂದರು. ತಾನೇ ಗಾಡಿ ಬಿಚ್ಚುತ್ತಾಳೆ ಎಂದದ್ದಕ್ಕೆ ಇನ್ನೊಂದು ಮನೆಯವರು ಅಪ್ಪ-ಅಮ್ಮ ಸಡಿಲ ಬಿಟ್ಟಿರಬೇಕು ಎಂದರು. ಎಂ.ಎಸ್ಸಿ. ಎಂದದ್ದಕ್ಕೆ ಮೂರನೆಯವರು ವಯಸ್ಸು ಕೇಳಿದರು. ಚೊಗರಿನ ವಿಷಯ ಹೇಳಿದ ಮನೆಯಲ್ಲಿ ನನ್ನ ಕೈಯ ಬಣ್ಣ ಕೇಳಿದರು.

“ಬೇಜಾರು ಮಾಡ್ಕಳಡ” ಎಂದಳು ಅಮ್ಮ ಫೋನಿಟ್ಟು.

ಬೇಜಾರಿಗೆ ನನಗೆ ಪುರುಸೊತ್ತಿರಲಿಲ್ಲ. ಎಂಜಿನ್ ಓಡುತ್ತಿತ್ತಾದರೂ ಅಪ್ಪನ ಲೆಕ್ಕದಲ್ಲಿ ಜಗಲಿಯ ಮೇಲೆ ನಿಂತು ಓಡುವುದು ಓಡಿದಂತಲ್ಲ. ಬ್ರೇಕ್ ಹೊಂದಿಸಿ, ಟಯರಿಗೆ ಗಾಳಿ ತುಂಬಿಸಿ, ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಗಾಡಿಯನ್ನು ರಸ್ತೆಗಿಳಿಸಿದೆ. ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿತ್ತು. ಪೇಟೆ ದಾಟಿ ಇಕ್ಕೇರಿಯ ದಾರಿ ಹಿಡಿದೆ. ಹಿಂದಿನಿಂದ ಬಂದ ಖಾಸಗಿ ಬಸ್ಸಿನವನು ಹಾರ್ನ್ ಹಾಕಿ ಹಾಕಿ ಸೋತು, ಪಕ್ಕಕ್ಕೆ ಬಂದಾಗ ಕಿಟಕಿಗಳ ತುಂಬ ತಲೆಗಳು ಹೊರಬಂದವು. ನಾನು ರಸ್ತೆಯನ್ನು ಮಾತ್ರ ನೋಡಿದೆ.

ಮೊದಲ ದಪ್ಪ ಹನಿಗಳು ಬಿದ್ದದ್ದು ಆಗಲೇ. ನಿಲ್ಲಿಸಿ ಫೋನ್ ತೆಗೆದೆ. ಅಪ್ಪ ಎತ್ತಿದರು.

“ಮಳೆ ಬಂತು” ಎಂದೆ.

“ಇಲ್ಲೂ ಬಂತು. ಎಲ್ಲಿದ್ದೆ?”

ಹೇಳಿದೆ. ಅಷ್ಟು ದೂರ ತಳ್ಳಿಕೊಂಡು ಹೋಗಲು ಸಾಧ್ಯವಿಲ್ಲವೆಂದು ಅವರು ಲೆಕ್ಕ ಹಾಕಿರಬೇಕು.

“ಸರಿ” ಎಂದರು. “ಪ್ಲಗ್ಗಿಗೆ ನೀರು ಹೋಗದೆ ಇದ್ದಾಂಗೆ ನೋಡ್ಕ.”

ಸೀಟಿನಡಿಯಿಂದ ಪ್ಲಾಸ್ಟಿಕ್ ಕವರ್ ತೆಗೆದು ಪ್ಲಗ್ಗಿನ ಕ್ಯಾಪಿಗೆ ಸುತ್ತಿದೆ. ತೋಯುತ್ತಲೇ ಮುಂದಕ್ಕೆ ಹೋದೆ. ಗಾಡಿ ನನ್ನದಾಗಿತ್ತು, ತಿರುಗಿ ಹೋಗಲು ಅವಸರವಿರಲಿಲ್ಲ.