ಗಾಳಿಯಿಲ್ಲದ ಟೈರೂ ಬೈಲಪ್ಪಣ್ಣನೂ

ಅವತ್ತು ಭಾನುವಾರ ಬೆಳಿಗ್ಗೆ, ಪಂಕ್ಚರ್ ಅಂಗಡಿಯ ಬೈಲಪ್ಪ ಗಾಳಿಯ ಪೈಪು ಹಿಡಿದುಕೊಂಡು ಒಂದು ಲಗೇಜ್ ಆಟೋದ ಸುತ್ತ ಕುಕ್ಕರಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ. ಹಿಂದಿನ ಚಕ್ರ ನೋಡಿದ, ಮುಂದಿನದು ನೋಡಿದ, ನೆಲಕ್ಕೆ ಕೆನ್ನೆ ಹಚ್ಚಿ ಒಳಗೂ ಇಣುಕಿದ. ಗಾಳಿ ತುಂಬುವ ಮೂತಿ ಎಲ್ಲೂ ಇಲ್ಲ. ಪೈಪು ಮಾತ್ರ ಕೈಯಲ್ಲಿ ಬುಸ್ ಬುಸ್ ಅನ್ನುತ್ತಿತ್ತು. ಮಾಕಳಿದುರ್ಗದ ಬೆಟ್ಟ ಹತ್ತಲು ಬೆಂಗಳೂರಿನಿಂದ ಬಂದಿದ್ದ ಹುಡುಗ ಹುಡುಗಿಯರು ಟೀ ಲೋಟದ ಜೊತೆ ಮೊಬೈಲನ್ನೂ ಎತ್ತಿ ಹಿಡಿದರು. ಅದನ್ನು ಕಂಡು ನಾಚಿ ಕೂತಲ್ಲೇ ಹಿಂದಕ್ಕೆ ಸರಿದ ಬೈಲಪ್ಪ, ಟ್ಯೂಬು ಅದ್ದಿ ತೂತು ಹುಡುಕುವ ನೀರಿನ ಬಾನಿಯೊಳಗೆ ಕುಂಡೆ ಊರಿ ಕೂತುಬಿಟ್ಟ.

"ಗುಳ್ಳೆ ಬರ್ತೈತೇನೋ ನೋಡ್ರಪ್ಪಾ" ಎಂದಳು ಪಕ್ಕದ ಟೀ ಗಾಡಿಯ ಪಾಪಮ್ಮ. "ತೂತು ಗಾಡೀಲಿಲ್ಲ, ನಮ್ಮನೆಯವನಲ್ಲೇ ಇರಬೇಕು."

ಪಾಪಮ್ಮ ಬೈಲಪ್ಪನ ಹೆಂಡತಿ. ಹೆದ್ದಾರಿಯಿಂದ ಊರಿಗೆ ತಿರುಗುವ ಗೇಟಿನಲ್ಲಿ, ಪಂಚಾಯ್ತಿ ಜಾಗದ ಹೊಂಗೆ ಮರದ ಕೆಳಗೆ ಅವನ ಅಂಗಡಿ. ಅದಕ್ಕೆ ಒರಗಿಕೊಂಡು ಇವಳ ಟೀ ಗಾಡಿ. ಮರಕ್ಕೆ ನೇತುಹಾಕಿದ, ಸುಣ್ಣದಲ್ಲಿ ಪಂಕ್ಚರ್ ಎಂದು ಬರೆದ ಹಳೇ ಟೈರೇ ಇಬ್ಬರ ಬೋರ್ಡು. ಅವನು ತೂತು ಮುಚ್ಚುವಷ್ಟು ಹೊತ್ತು ಗಿರಾಕಿ ಇವಳ ಟೀ ಕುಡಿಯಲೇಬೇಕು. ಸಂಸಾರ ಎರಡು ಚಕ್ರದ ಮೇಲೆ ಓಡಬೇಕು ಅನ್ನುತ್ತಾರೆ. ಇವರದು ಬೇರೆಯವರ ಚಕ್ರ ಓಡದೆ ನಿಂತಾಗ ಓಡುತ್ತಿತ್ತು.

ಬೈಲಪ್ಪ ರಸ್ತೆಗೆ ಮೊಳೆ ಚೆಲ್ಲುತ್ತಾನೆ ಎಂಬ ಗಾಳಿಸುದ್ದಿ ಊರಲ್ಲಿತ್ತು. ಅದು ಸುಳ್ಳು. ಅವನು ಮೊಳೆ ಹಾಕಿದವನಲ್ಲ. ಬಿದ್ದ ಮೊಳೆ ಎತ್ತಿದವನೂ ಅಲ್ಲ. ಅವನಿಗೆ ಬೇಕಾಗಿದ್ದುದು ಕಾಸಿಗಿಂತ ಇನ್ನೊಂದು. ಮಾಮೂಲಿ ದಿನ ಊರೆಲ್ಲ ಅವನನ್ನು "ಲೇ ಬೈಲ" ಅನ್ನುತ್ತಿತ್ತು. ಟೈರು ಕೂತ ದಿನ ಮಾತ್ರ "ಬೈಲಪ್ಪಣ್ಣ." ಟೈರಿನಿಂದ ಹೊರಟ ಗಾಳಿ ನೇರವಾಗಿ ಅವನ ಹೆಸರಿಗೆ ತುಂಬಿಕೊಳ್ಳುತ್ತಿತ್ತು. ಪಂಚಾಯ್ತಿ ಅಧ್ಯಕ್ಷ ಆದಿನಾರಾಯಣಪ್ಪನವರೇ ಮಗಳ ನಿಶ್ಚಿತಾರ್ಥಕ್ಕೆ ಹೊರಟ ದಿನ ಇಲ್ಲಿ ನಿಂತು, "ಬೈಲಪ್ಪಣ್ಣ, ಒಸಿ ಬೇಗ ಮಾಡಣ್ಣ" ಎಂದು ಬೇಡಿಕೊಂಡಿದ್ದರು. ಬೈಲಪ್ಪ ಮೊದಲು ಬೀಡಿ ಹಚ್ಚಿದ. ಅಣ್ಣ ಅನ್ನಿಸಿಕೊಳ್ಳುವ ಹೊತ್ತನ್ನು ಅವನು ರಬ್ಬರಿನ ಹಾಗೆ ಎಳೆಯುತ್ತಿದ್ದ. ಗಾಳಿ ತುಂಬಿಸಿಕೊಂಡು ಹತ್ತು ಮಾರು ಹೋಗುವಷ್ಟರಲ್ಲಿ ಅದೇ ಅಧ್ಯಕ್ಷರು ಕಿಟಕಿಯಿಂದ ತಲೆ ಹಾಕಿ, "ಲೇ ಬೈಲ, ಆ ಬಾನಿ ರಸ್ತೆಯಿಂದ ತೆಗೆಯೋ" ಅಂದಿದ್ದರು.

ಈಗ ಬಾನಿಯಿಂದ ಬೈಲಪ್ಪನನ್ನು ಕೈಹಿಡಿದು ಎಬ್ಬಿಸಿದವನು ಆ ಆಟೋದ ಜೊತೆ ಬಂದ ಎಂಜಿನಿಯರ್ ಅನಿಲ್‌ಕುಮಾರ್. ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಸದಾಗಿ ಶೆಡ್ ಹಾಕಿದ್ದ ಒಂದು ಟೈರ್ ಕಂಪನಿಯವನು.

"ಇದಕ್ಕೆ ಗಾಳೀನೇ ಬೇಡ ಬೈಲಪ್ಪ ಅವ್ರೇ. ಒಳಗೆ ನೋಡಿ, ಜೇನುಗೂಡಿನ ಥರ ಪ್ಲಾಸ್ಟಿಕ್ ಕಡ್ಡಿಗಳು. ಭಾರ ಬಿದ್ರೆ ಬಾಗ್ತವೆ, ಭಾರ ಹೋದ್ರೆ ನೆಟ್ಟಗಾಗ್ತವೆ. ಮೊಳೆ ಚುಚ್ಚಿದ್ರೂ ಓಡ್ತಾನೇ ಇರುತ್ತೆ. ಗಾಳಿ ಚೆಕ್ ಮಾಡ್ಸೋ ಕೆಲಸ ಇಲ್ಲ, ಸ್ಟೆಪ್ನಿ ಹೊರೋದು ಬೇಡ, ನಡುರಸ್ತೆಲಿ ಟೈರ್ ಸಿಡಿದು ಯಾರೂ ಸಾಯಲ್ಲ. ಮೇಲಿನ ರಬ್ಬರ್ ಪಟ್ಟಿ ಸವೆದ್ರೆ ಅದೊಂದನ್ನೇ ಬದಲಾಯಿಸ್ಕೋಬಹುದು."

"ಪಂಕ್ಚರ್ ಅಂಗಡೀನೂ ಬೇಡ ಅನ್ನಿ" ಎಂದಳು ಪಾಪಮ್ಮ.

ಟೀ ಕುಡಿಯುತ್ತಿದ್ದ ಆದಿನಾರಾಯಣಪ್ಪ ನಕ್ಕರು. "ನಮ್ಮಜ್ಜನ ಎತ್ತಿನ ಗಾಡಿಗೂ ಗಾಳಿ ಇರ್ಲಿಲ್ಲ ಕಣಪ್ಪಾ. ಮರದ ಚಕ್ರ, ಕಬ್ಬಿಣದ ಪಟ್ಟಿ. ನೀವೆಲ್ಲ ಇಷ್ಟು ಓದಿ, ಸುತ್ತಿ ಬಳಸಿ ಅಲ್ಲಿಗೇ ಬಂದ್ರಾ?"

"ಅಜ್ಜನ ಗಾಡೀಲಿ ಕೂತ್ರೆ ಸೊಂಟ ಹೋಗ್ತಿತ್ತು ಸಾರ್. ಇದು ಗುಂಡಿ ಇಳಿದ್ರೂ ಬಾಗುತ್ತೆ."

ಅನಿಲ್‌ಕುಮಾರ್ ಬಂದಿದ್ದುದು ಒಬ್ಬ ಡ್ರೈವರನ್ನು ಹುಡುಕಿಕೊಂಡು. ಹಳ್ಳಿ ರಸ್ತೆಯಲ್ಲಿ, ಕಲ್ಲು ಮೊಳೆಗಳ ಮೇಲೆ ದಿನವಿಡೀ ಈ ಆಟೋ ಓಡಿಸಬೇಕು. ಪಂಕ್ಚರ್ ಹಾಕುವವನೇ ಗಾಳಿಯಿಲ್ಲದ ಟೈರು ಓಡಿಸಿದರೆ ಅದಕ್ಕಿಂತ ಜಾಹೀರಾತು ಬೇಕೆ? ಆದರೆ ಒಂದು ಷರತ್ತು. ಮರಕ್ಕೆ ನೇತುಹಾಕಿದ ಟೈರನ್ನು ಬೈಲಪ್ಪ ಕ್ಯಾಮೆರಾ ಮುಂದೆ ತನ್ನ ಕೈಯಾರೆ ಇಳಿಸಬೇಕು. ಅಂಗಡಿ ಮುಚ್ಚಬೇಕು.

"ಒಪ್ಕೋಬೇಡ" ಎಂದಳು ಪಾಪಮ್ಮ. "ಇವತ್ತು ಬಂದು ನಾಳೆ ಹೋಗೋರು ಅವ್ರು. ಜಾಗ ಬಿಟ್ರೆ ಮತ್ತೆ ಸಿಕ್ಕಲ್ಲ."

"ಟೈರ್ ಕೂರದೇನೇ ನನ್ನ ಅವ್ರೇ ಅಂದ್ರು ಕಣೇ" ಎಂದ ಬೈಲಪ್ಪ.

ಗಾಳಿ ಬಂದಾಗ ತೂರಿಕೊಳ್ಳಬೇಕು ಅನ್ನುತ್ತದೆ ಗಾದೆ. ಗಾಳಿಯೇ ಇಲ್ಲದ್ದು ಬಂದಾಗ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ಬೈಲಪ್ಪ ಟೈರು ಇಳಿಸಿದ. ಕಂಪನಿ ನೀಲಿ ಯೂನಿಫಾರ್ಮೂ ಕಾಲು ಕಚ್ಚುವ ಹೊಸ ಶೂವೂ ಕೊಟ್ಟಿತು. ಗಾಳಿಯ ಮಿಷನ್ನನ್ನು ಕೊಂಡುಕೊಂಡವನು ಅವನ ಅಕ್ಕನ ಮಗ ನರೇಶ್, ಹೊಸಕೋಟೆಯ ಟೈರ್ ಶೋರೂಮಿನಲ್ಲಿ ಪಳಗಿದವನು. ಮಾರನೆಯ ಬೆಳಿಗ್ಗೆ ಅದೇ ಹೊಂಗೆ ಕೊಂಬೆಯಲ್ಲಿ ಅದಕ್ಕಿಂತ ದೊಡ್ಡ ಟೈರು ತೂಗಾಡುತ್ತಿತ್ತು.

"ಜಾಗ ಖಾಲಿ ಬಿಡಬಾರ್ದು ಮಾವ, ದೆವ್ವ ಸೇರ್ಕೊಳ್ತವೆ" ಎಂದ ನರೇಶ್. ಪಾಪಮ್ಮನ ಕಡೆ ತಿರುಗಿ, "ಅತ್ತೆ, ನಿನ್ನ ಗಾಡಿ ಆ ಮೋರಿ ಹತ್ರ ತಳ್ಕೊ. ಇಲ್ಲಿ ಕೂಲ್‌ಡ್ರಿಂಕ್ಸ್ ಫ್ರಿಜ್ ಬರ್ತೈತೆ" ಎಂದ.

ಮೋರಿಯ ಪಕ್ಕ ಯಾರೂ ಟೀ ಕುಡಿಯಲಿಲ್ಲ. ಪಾಪಮ್ಮ ಅಲ್ಲೇ ನಿಂತು, ಬಿಸಿಲಿನಲ್ಲಿ ಹಾಲು ಒಡೆಯುವುದನ್ನೂ ಗಂಡ ಮೊಳೆಗಳ ಮೇಲೆ ಓಡಾಡುವುದನ್ನೂ ನೋಡುತ್ತಿದ್ದಳು. ಟೈರು ಕೆಟ್ಟದ್ದೇನಲ್ಲ. ಮೊಳೆ ಚುಚ್ಚಿಕೊಂಡೇ ಓಡುತ್ತಿತ್ತು. ಜೋರು ಹೋದರೆ ಮಾತ್ರ ಗಡಗಡ ಸದ್ದು, ಪಕ್ಕದವರ ಮಾತೂ ಕೇಳದು. ಮಳೆ ಬಂದರೆ ಜೇನುಗೂಡಿನ ತುಂಬ ಕೆಸರು. ಸಂಜೆ ಬೈಲಪ್ಪ ಕಡ್ಡಿ ಹಾಕಿ ಕೆದಕುತ್ತ ಕೂರುತ್ತಿದ್ದ. ದಾರಿಹೋಕರು, "ಏನ್ ಬೈಲ, ಹಲ್ಲುಜ್ಜಿಸ್ತಿದೀಯಾ?" ಅನ್ನುತ್ತಿದ್ದರು. ಅಣ್ಣ ಅನ್ನುವವರು ಒಬ್ಬರೂ ಉಳಿದಿರಲಿಲ್ಲ. ಆ ಪದವೀಗ ಹೊಂಗೆ ಮರದಡಿ ನರೇಶನ ಪಾಲಾಗಿತ್ತು.

ಸಂಕ್ರಾಂತಿ ಕಳೆದು ಹುರುಳಿ ಕಿತ್ತರು. ಈ ಸೀಮೆಯಲ್ಲಿ ಈಗ ಕಣ ಮಾಡುವವರಿಲ್ಲ, ಟಾರು ರಸ್ತೆಯೇ ಕಣ. ಒಣಗಿದ ಹುರುಳಿ ಬಳ್ಳಿಯನ್ನು ರಸ್ತೆಯಗಲ ಹರವಿದರೆ ಬಸ್ಸು ಕಾರುಗಳು ಬಿಟ್ಟಿಯಾಗಿ ತುಳಿದು ಒಕ್ಕಿಕೊಟ್ಟು ಹೋಗುತ್ತವೆ. ಕಂಪನಿಯ ದೊಡ್ಡವರು ಟೈರು ನೋಡಲು ಬರುವ ದಿನವೇ ಆದಿನಾರಾಯಣಪ್ಪನವರ ಹುರುಳಿಯೆಲ್ಲ ಸೇತುವೆಯಿಂದ ಕೆರೆ ಏರಿಯವರೆಗೆ ಹರವಿ ಬಿದ್ದಿತ್ತು. ಇಕ್ಕೆಲದಲ್ಲೂ ಉಳಿದ ರೈತರ, ಇನ್ನೂ ಹರವಬೇಕಾದ ಬಣವೆಗಳು.

"ಸ್ವಲ್ಪ ತೆಗೆಸಿದ್ರೆ..." ಎಂದ ಅನಿಲ್‌ಕುಮಾರ್.

"ಯಾಕಪ್ಪಾ? ನಿಮ್ಮ ಟೆಸ್ಟೂ ಆಗ್ಲಿ, ನನ್ನ ಒಕ್ಕಣೆನೂ ಆಗ್ಲಿ" ಎಂದರು ಅಧ್ಯಕ್ಷರು.

ಬೈಲಪ್ಪ ಹುರುಳಿಯ ಮೇಲೆ ಹೋದ, ಬಂದ, ಹೋದ. ಶಾಮಿಯಾನದಡಿ ಕೂತಿದ್ದ ದೊಡ್ಡವರು ಚಪ್ಪಾಳೆ ತಟ್ಟಿದರು. ಬಳ್ಳಿ ಜೇನುಗೂಡಿನ ತೂತುಗಳಿಗೆ ನುಗ್ಗಿ, ಸುತ್ತಿ, ಬಿಗಿದು, ಉಜ್ಜಿ ಉಜ್ಜಿ ಕಾದುಹೋಯಿತು. ಕೊನೆಯ ಸುತ್ತಿನಲ್ಲಿ ಮೂರೂ ಚಕ್ರದಡಿ ಹೊಗೆ, ಹೊಗೆಯ ಬೆನ್ನಿಗೆ ಬೆಂಕಿ. ಪಾಪಮ್ಮ ಸೆರಗು ಬೀಸಿ ಕಿರುಚಿದಳು. ಊರೆಲ್ಲ ರಸ್ತೆಯಂಚಿಗೆ ಬಂದು ಕೈ ಬೀಸಿ, "ಬೈಲಪ್ಪಣ್ಣ, ಇಳಿಯೋ, ಬೈಲಪ್ಪಣ್ಣ" ಎಂದು ಬೊಬ್ಬೆ ಹಾಕಿತು. ಅವನು ಇಳಿಯಲಿಲ್ಲ. ಒಂದು ಕೈ ಎತ್ತಿ, ದೂರ ಸರೀರಿ ಅನ್ನುವ ಹಾಗೆ ಬೀಸುತ್ತ, ಉರಿಯುವ ಆಟೋವನ್ನು ಬಣವೆಗಳನ್ನೆಲ್ಲ ದಾಟಿಸಿ ಕೆರೆ ಏರಿಯವರೆಗೆ ಓಡಿಸಿಕೊಂಡು ಹೋದ. ಹಿಂದೆ ಹುರುಳಿಗೆ ಬಿದ್ದ ಕಿಡಿಗಳನ್ನು ಜನ ಹಸಿ ಸೊಪ್ಪಿನಿಂದ ಬಡಿದು ಆರಿಸಿದರು. ಏರಿಯ ಹತ್ತಿರ ಟೈರು ಕರಗಿ ಆಟೋ ಕಾಲುವೆಗೆ ಮಗುಚಿತು. ಕಂಪನಿಯವರು ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿಬಂದು ಮೊದಲು ಟೈರಿಗೆ ಹೊಡೆದರು. ಉಳಿದದ್ದು ಬೈಲಪ್ಪನಿಗೆ.

ಆ ವಾರವೇ ಕಂಪನಿ ಟೆಸ್ಟ್ ಮಾಡುವ ಊರು ಬದಲಾಯಿಸಿತು. ಬೈಲಪ್ಪನ ಕಾಲು ಬದಲಾಯಿಸಲು ಬರುವುದಿಲ್ಲವಲ್ಲ. ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಿಂದ ಅವನು ಬಲಗಾಲು ಎಳೆದುಕೊಂಡು ಬಂದ. ನರೇಶ್ ನೋಡಲು ಬಂದು, "ಮಾವ, ಕಾಲಿಗೆ ಪ್ಯಾಚ್ ಹಾಕ್ಲಾ?" ಎಂದು ನಕ್ಕು ಹೋದ.

ಆದರೆ ಅಷ್ಟರಲ್ಲಿ ಊರಲ್ಲಿ ಬೇರೆಯದೇ ಮಾತು ಹುಟ್ಟಿತ್ತು. ಅಲ್ಲೇ ಆಟೋ ನಿಲ್ಲಿಸಿದ್ದರೆ ಹುರುಳಿಯೆಲ್ಲ ಬೂದಿ. ಬೈಲಪ್ಪ ತನ್ನ ಕಾಲು ಸುಟ್ಟುಕೊಂಡು ರೈತರ ಬೆಳೆ ಉಳಿಸಿದ. ಪಾಪಮ್ಮನಿಗೆ ಮೊದಲು ನಂಬಿಕೆ ಬರಲಿಲ್ಲ. ಬೇರೆಯವರ ಟೈರು ಕೂತಾಗ ಬೀಡಿ ಹಚ್ಚಿದವನು ಬೇರೆಯವರ ಹುರುಳಿಗೆ ಕಾಲು ಕೊಟ್ಟನೇ? ಆಮೇಲೆ ಹೊಂಗೆ ಮರದಡಿಯ ಜಾಗ ನೆನಪಾಯಿತು. ನಂಬಿದಳು. ಸೀದಾ ಅಧ್ಯಕ್ಷರ ಮನೆಗೆ ಹೋಗಿ ಜಾಗ ವಾಪಸ್ ಕೇಳಿದಳು.

"ಸನ್ಮಾನ ಇಟ್ಕೊಳ್ಳಾಣ" ಎಂದರು ಆದಿನಾರಾಯಣಪ್ಪ. "ನರೇಶ ಮೆಂಬರುಗಳನ್ನ ಹಿಡ್ಕೊಂಡವ್ನೆ, ಸುಮ್ನೆ ಎಬ್ಬಿಸೋಕಾಗಲ್ಲ. ಬೆಳೆ ಉಳಿಸೋಕೆ ಹೋದೆ ಅಂತ ಬೈಲ ತನ್ನ ಬಾಯಲ್ಲಿ ಎಲ್ರ ಮುಂದೆ ಹೇಳ್ಲಿ. ಅಲ್ಲೇ ಜಾಗ ವಾಪಸ್ ಅಂತ ಅನೌನ್ಸ್ ಮಾಡ್ಬಿಡ್ತೀನಿ. ಯಾರು ಬೇಡ ಅಂತಾರೆ ನೋಡಾಣ."

ಪಾಪಮ್ಮ ಗಂಡನಿಗೆ ಊಟಕ್ಕಿಡುವಾಗಲೆಲ್ಲ ಪಾಠ ಹೇಳಿದಳು. "ಕೇಳಿದ್ರೆ, ರೈತರ ಅನ್ನ ನೆನಪಾಯ್ತು ಅನ್ನು. ಅಷ್ಟೇ. ಇನ್ನೊಂದು ಮಾತು ಆಡ್ಬೇಡ."

"ಹೂಂ" ಎಂದ ಬೈಲಪ್ಪ.

ಶಾಲೆಯ ಅಂಗಳದಲ್ಲಿ ಸನ್ಮಾನ. ಬೈಲಪ್ಪನ ತಲೆಗೆ ಪೇಟ, ಹೆಗಲಿಗೆ ಶಾಲು, ಸುಟ್ಟ ಕಾಲು ಮುಂದಿನ ಸ್ಟೂಲಿನ ಮೇಲೆ. ಮುಂದಿನ ಸಾಲಿನಲ್ಲಿ ನರೇಶ್ ಕೈಕಟ್ಟಿಕೊಂಡು ಕೂತಿದ್ದ. ಮನಸ್ಸು ಚುಚ್ಚಿ ಹಣ್ಣಿನ ಬುಟ್ಟಿಯೊಂದಿಗೆ ಅನಿಲ್‌ಕುಮಾರನೂ ಬಂದಿದ್ದ. ಅವನೇ ಮೈಕು ಹಿಡಿದು ಕೇಳಿದ:

"ಬೈಲಪ್ಪಣ್ಣ, ಊರಿಗೆ ಊರೇ ಇಳೀರಿ ಅಂತ ಕೂಗ್ತಿದ್ರೂ, ಕಾಲು ಸುಡ್ತಿದ್ರೂ, ನೀವು ಗಾಡಿ ನಿಲ್ಲಿಸದೆ ಕೈ ಎತ್ತಿ ಮುಂದಕ್ಕೆ ಹೋದ್ರಲ್ಲ. ಆಗ ನಿಮ್ಮ ಮನಸ್ಸಲ್ಲಿ ಏನಿತ್ತು?"

ಅಧ್ಯಕ್ಷರು ಅನೌನ್ಸ್ ಮಾಡಲು ಅರ್ಧ ಎದ್ದು ನಿಂತರು. ಪಾಪಮ್ಮ ಕೆಳಗಿನಿಂದಲೇ ರೈತರ ಅನ್ನ, ರೈತರ ಅನ್ನ ಎಂದು ತುಟಿ ಆಡಿಸಿದಳು. ಬೈಲಪ್ಪ ಅವಳನ್ನು ನೋಡಲೇ ಇಲ್ಲ. ಇಷ್ಟು ದಿನ ಯಾರಾದರೂ ಕೇಳಲಿ ಎಂದು ಕಾದಿದ್ದವನ ಹಾಗೆ ಅವನ ಮುಖ ಅರಳಿತ್ತು.

"ಆ ಗಡಗಡದಲ್ಲಿ ನನ್ನ ಹೆಸರೊಂದು ಬಿಟ್ರೆ ಏನೂ ಕೇಳಿಸ್ತಿರ್ಲಿಲ್ಲ ಸಾರ್. ಕಾಲು ಉರೀತಿತ್ತು, ನಿಮ್ಮ ಹೊಸ ಶೂ ಕಚ್ತಾ ಐತೆ ಅನ್ಕೊಂಡೆ. ನೋಡಿದ್ರೆ ಊರೆಲ್ಲ ಎದ್ದು ನಿಂತು ಕೈ ಬೀಸ್ತಾ ಬೈಲಪ್ಪಣ್ಣ, ಬೈಲಪ್ಪಣ್ಣ ಅಂತೈತೆ. ಯಾರ ಟೈರೂ ಕೂತಿಲ್ಲ, ಆದ್ರೂ ಅಣ್ಣ ಅಂತವ್ರಲ್ಲಾ ಅಂತ ನಾನೂ ಟಾಟಾ ಮಾಡ್ದೆ."