ಮಹಡಿ ಕೋಣೆಯ ಬ್ಯಾಂಡು

ಬಣ್ಣ ಬಳಿಯುವವನು ಇವತ್ತು ಬೆಳಿಗ್ಗೆ ಮಹಡಿ ಕೋಣೆಯ ಗೋಡೆಗೆ ಅಂಟಿಸಿದ್ದ ಮೊಟ್ಟೆಯ ಟ್ರೇಗಳನ್ನು ಕೀಳುತ್ತಿದ್ದ. ಹಳೆಯ ಗೋಂದಿನ ವಾಸನೆ ಮೆಟ್ಟಿಲಿಳಿದು ಬಂತು. "ಕ್ಯಾ ಸಾಬ್, ಮುರ್ಗಿಯಾಂ ಪಾಲೇ ಥೇ?" ಎಂದ. ಕೋಳಿಯಲ್ಲಪ್ಪ, ಇಲ್ಲೊಂದು ಬ್ಯಾಂಡ್ ಇತ್ತು, ಸದ್ದು ಹೊರಗೆ ಹೋಗದಿರಲೆಂದು ಅಂಟಿಸಿದ್ದರು ಎಂದೆ.

ದಿಲ್‌ಸುಖ್‌ನಗರದ ನಮ್ಮ ಮನೆಗೆ ಪ್ರಸನ್ನ ಬಾಡಿಗೆಗೆ ಬಂದದ್ದು, ಸಾಫ್ಟ್‌ವೇರ್ ಕೆಲಸಕ್ಕೆಂದು ಎಲ್ಲರೂ ಹೈದರಾಬಾದಿಗೆ ನುಗ್ಗುತ್ತಿದ್ದ ಕಾಲದಲ್ಲಿ. ಮೈಸೂರಿನ ಹುಡುಗ, ಗಿಟಾರ್ ನುಡಿಸುವವನು. ಗೆಳೆಯರನ್ನು ಸೇರಿಸಿ ಬ್ಯಾಂಡ್ ಕಟ್ಟಿದ. ಪ್ರೋಗ್ರೆಸಿವ್ ರಾಕ್ ಅಂತೆ. ಒಂದೇ ಹಾಡು ಅರ್ಧ ತಾಸು ಸಾಗುತ್ತದೆ, ನಡುವೆ ತಾಳ ಬದಲಾಗುತ್ತದೆ, ಹಾಡುವವನು ಬಹಳ ಹೊತ್ತು ಬಾಯಿ ಬಿಡುವುದೇ ಇಲ್ಲ. "ಮುಗೀತೇನಪಾ?" ಎಂದರೆ, "ಅಂಕಲ್, ಇನ್ನೂ ಎರಡನೇ ಭಾಗ" ಎನ್ನುತ್ತಿದ್ದ.

ನಾನು ಬೆಳೆದದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ವಸತಿ ಶಾಲೆಯಲ್ಲಿ. ಹಾಗಾಗಿ ಅವರಿಗೂ ನಿಯಮ: ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಅಭ್ಯಾಸ ಶುರುವಾಗಬೇಕು. ಶುರು ಯಾವಾಗಲೂ ಆ ಉದ್ದದ ಹಾಡಿನಿಂದಲೇ. ಕೆಳಗೆ ನಾನು ದೀಪ ಹಚ್ಚಿ ದೇವರ ಗಂಟೆ ಬಾರಿಸುವ ಹೊತ್ತೂ ತಪ್ಪುವಂಥದ್ದಲ್ಲ; ಪ್ರತಿ ವಾರ ಅದು ಹಾಡಿನ ಒಂದೇ ಜಾಗಕ್ಕೆ ಬೀಳುತ್ತಿತ್ತು. ಗಂಟೆ ಕೇಳಿದೊಡನೆ ಪಾಪ, ಎಲ್ಲರೂ ಕೈ ನಿಲ್ಲಿಸಿ, ಅದು ಮುಗಿದ ಮೇಲೆ ಮುಂದುವರಿಸುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು.

ಆ ಕಾಲದಲ್ಲಿ ಯಾರೂ ಒಂದೆಡೆ ನಿಲ್ಲುತ್ತಿರಲಿಲ್ಲ. ಡ್ರಮ್ಮಿನವನು ಪುಣೆಗೆ ಹೋದ, ಕೀಬೋರ್ಡಿನವನು ಮದುವೆಯಾಗಿ ಬೆಂಗಳೂರಿಗೆ, ಕೊನೆಗೆ ಪ್ರಸನ್ನನೂ ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ. ಬ್ಯಾಂಡ್ ಮಾತ್ರ ನಿಲ್ಲಲಿಲ್ಲ. ಆಫೀಸಿನಲ್ಲಿ ಕೆಲಸ ಬಿಡುವವನು ಹೊಸಬನಿಗೆ ಎಲ್ಲ ಕಲಿಸಿ ಹೋಗುತ್ತಾನಲ್ಲ, ಅದಕ್ಕೆ ಕೆ.ಟಿ. ಎನ್ನುತ್ತಾರೆ. ಇವರದೂ ಅದೇ ಪದ್ಧತಿ. ಹೋಗುವವನು ಬಂದವನ ಪಕ್ಕ ಕೂತು ಹಾಡನ್ನು ಒಪ್ಪಿಸಿಯೇ ಹೊರಡಬೇಕು. ಕೆಲವು ವರ್ಷಗಳಲ್ಲಿ ಹಳಬರು ಒಬ್ಬರೂ ಉಳಿಯಲಿಲ್ಲ.

ಆಗ ಪ್ರಸನ್ನ ವಾಪಸು ಬಂದ. ಹೊರದೇಶದಲ್ಲಿ ಜೊತೆಗೂಡಿ ನುಡಿಸಲು ಯಾರೂ ಸಿಗಲಿಲ್ಲವಂತೆ. ತನ್ನ ಬ್ಯಾಂಡಿಗೆ ಮತ್ತೆ ಸೇರಬೇಕೆಂಬುದೊಂದೇ ಆಸೆ. ಆದರೆ ಮಹಡಿಯಲ್ಲಿ ಅವನನ್ನು ಬಲ್ಲವರೇ ಇಲ್ಲ. ಡ್ರಮ್ ಬಾರಿಸುವ ರಾಯಚೂರಿನ ಶ್ವೇತಾ, "ಮೊದ್ಲ ಕೆ.ಟಿ. ತಗೋರಿ, ಆಮ್ಯಾಲೆ ನೋಡೋಣು" ಅಂದಳು. ತಾನೇ ಕಟ್ಟಿದ ಹಾಡಿಗೆ ಕೆ.ಟಿ.! ಅವತ್ತೊಂದು ದಿನ ಪೂಜೆ ತಡಮಾಡಿ, ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತೆ.

ಹಾಡಿನ ನಡುವೆ ಎಲ್ಲರೂ ಗಕ್ಕನೆ ನಿಂತರು. ಪ್ರಸನ್ನನ ಗಿಟಾರ್ ಒಂದೇ ಮುಂದೆ ಓಡಿತು. ಗಂಟೆಯೇ ಆಗಿರಲಿಲ್ಲ; ಬಾರಿಸುವ ನಾನು ಅವರೆದುರಿಗೇ ಇದ್ದೆ!

"ಎಲ್ಲಿ ಹೊಂಟ್ರಿ? ಇಲ್ಲಿ ನಿಲ್ಲಬೇಕ್ರಿ," ಅಂದಳು ಶ್ವೇತಾ.

"ಇಲ್ಲೇನೂ ಇಲ್ಲಮ್ಮ. ಅಂಕಲ್ ಪೂಜೆ ಗಂಟೆ ಹೊಡೀತಿದ್ರು, ಅದಕ್ಕೆ ನಿಲ್ಲಿಸ್ತಿದ್ವಿ ಅಷ್ಟೆ. ಹಾಡು ಕಟ್ಟಿದ್ದು ನಾನು!"

"ಇರಬಹುದ್ರಿ. ಆದ್ರ ಪ್ರೋಗ್ರಾಮಿನ್ಯಾಗ ಜನ ಉಸಿರು ಹಿಡಿಯೂದು ಇಲ್ಲೇ. ನಾವು ಬಿಡಂಗಿಲ್ಲ. ಕಾಕಾ, ನೀವ ಹೇಳ್ರಿ."

"ಅವ ಹೇಳೂದು ಖರೆ ಐತವಾ," ಅಂದೆ. ಪ್ರಸನ್ನನ ಮುಖ ಅರಳಿತು. "ಆದ್ರ ಪ್ರಸನ್ನ, ನಿಂತಾಗ ಭಾಳ ಛಲೋ ಕೇಳಸ್ತೈತಿ."

ಅವನು ಗಿಟಾರನ್ನು ಚೀಲಕ್ಕೆ ಹಾಕಿದ. ಜಿಪ್ಪು ಅರ್ಧ ಎಳೆದವನು ಹಾಗೇ ನಿಂತ. ಮತ್ತೆ ಹೊರತೆಗೆದು ಕೂತು, "ಎಷ್ಟು ಹೊತ್ತು ನಿಲ್ಲಿಸ್ಬೇಕು? ಹೇಳ್ಕೊಡಿ" ಎಂದ.

"ಎಣಸಬ್ಯಾಡ್ರಿ. ನನ್ನ ಮುಖ ನೋಡ್ರಿ," ಅಂದಳು ಶ್ವೇತಾ.

ಬ್ಯಾಂಡ್ ಈಗ ಉಪ್ಪಲ್ ಕಡೆ ದೊಡ್ಡ ಜಾಗಕ್ಕೆ ಹೋಗಿದೆ. ಪ್ರಸನ್ನ ಅದರಲ್ಲೇ ಇದ್ದಾನೆ. ಮಧ್ಯಾಹ್ನ ಕೋಣೆ ನೋಡಲು ಹುಡುಗಿಯೊಬ್ಬಳು ಬಂದಳು. "ಗೇಟ್ ಎಷ್ಟಕ್ಕೆ ಹಾಕ್ತೀರಿ ಅಂಕಲ್?" ಎಂದು ಕೇಳಿದಳು. ಒಂಬತ್ತಕ್ಕೆ ಸರಿಯಾಗಿ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, "ನೀ ಎಷ್ಟಕ್ಕ ಬರ್ತಿ ಹೇಳವಾ" ಅಂದೆ.