ಊಟಕ್ಕೆ ಮುಂಚಿನ ಬಿಡುಗಡೆ

ಈ ಬರಹಕ್ಕಾಗಿ ನರಸಯ್ಯನವರೊಂದಿಗೆ ನಡೆಯಬೇಕಿದ್ದ ಮೊದಲ ಮಾತುಕತೆಗೆ ದಿನ ಗೊತ್ತುಮಾಡಿದವರು ಅವರ ಮಗಳು ಚೈತ್ರ. ಶ್ರೀರಂಗಪಟ್ಟಣದ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ಆಕೆ ಫೋನಿನಲ್ಲೇ ಎರಡು ಎಚ್ಚರಿಕೆ ಕೊಟ್ಟರು. ಅಪ್ಪ ಬೆಳಿಗ್ಗೆ ಹತ್ತಕ್ಕೆ ಮುಂಚೆಯಾಗಲಿ ಸಂಜೆ ಐದೂವರೆಯ ಮೇಲಾಗಲಿ ಕಚೇರಿಯ ವಿಷಯ ಆಡುವುದಿಲ್ಲ. ಮತ್ತು, ರಿಟೈರಾದದ್ದು ಯಾವಾಗ ಎಂಬುದನ್ನು ಮೊದಲ ಪ್ರಶ್ನೆಯಾಗಿ ಕೇಳಬಾರದು. "ಅದೊಂದಕ್ಕೇ ಒಂದು ದಿನ ಹೋಗ್ಬುಡ್ತದೆ" ಎಂದರು. ಒಪ್ಪಿಗೆ ಸಿಕ್ಕ ಮೇಲೂ ನರಸಯ್ಯನವರು ಲಿಖಿತ ಕೋರಿಕೆ ಬೇಕೆಂದರು. ಅಂಚೆಯಲ್ಲಿ ಹೋದ ಕೋರಿಕೆಗೆ ಅಂಚೆಯಲ್ಲೇ ಉತ್ತರ ಬಂತು. ಬುಧವಾರ ನಾಗಮಂಗಲದ ಮನೆಗೆ ಬರಬಹುದು, ಮಧ್ಯಾಹ್ನ ಒಂದೂವರೆಯಿಂದ ಎರಡೂಕಾಲರವರೆಗೆ ವಿರಾಮವಿರುತ್ತದೆ ಎಂದು ಅದರಲ್ಲಿ ಬರೆದಿತ್ತು.

ಎಚ್ಚರಿಕೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆದರೂ ಆ ದಿನವೆಲ್ಲ ಅದರ ಉತ್ತರಕ್ಕೇ ಹೋಯಿತು.

ನರಸಯ್ಯನವರು ಪಾಂಡವಪುರ ತಾಲೂಕಿನ ಚಿನಕುರಳಿಯವರು. ಅಪ್ಪ ಕಲ್ಲುಕೋರೆಯಲ್ಲಿ ಸುತ್ತಿಗೆ ಹಿಡಿದವರು. ಮಗ ಕೃಷಿ ಪದವಿ ಮುಗಿಸಿ, ೧೯೮೭ರಲ್ಲಿ ದೇವಲಾಪುರದ ಆಚೆಗಿನ ಸರ್ಕಾರಿ ಒಣಬೇಸಾಯ ಸಂಶೋಧನಾ ಕೇಂದ್ರಕ್ಕೆ ಸಹಾಯಕರಾಗಿ ಸೇರಿದರು. ಅದೇ ಆದೇಶದಲ್ಲಿ, ಅದೇ ದಿನ, ಅದೇ ಸಂಬಳಕ್ಕೆ ಸೇರಿದ ಇನ್ನೊಬ್ಬರು ಅಶೋಕ್. ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಒಂದೇ ಸ್ಟೌವಿನಲ್ಲಿ ಮುದ್ದೆ ತಿರುವಿ, ರಾಗಿ ತಳಿಗಳನ್ನು ಬೆರೆಸುವ ಕೆಲಸ ಕಲಿತರು. ಹತ್ತಾರು ವರ್ಷ ಕಳೆದ ಮೇಲೆ ಇಲಾಖೆಯು ಹುದ್ದೆಗಳಿಗೆ ಹೊಸ ಹೆಸರಿಡಲು ಹೊರಟಿತು. ಆ ತಿಂಗಳು ಮುಖ್ಯ ಕೇಂದ್ರದಲ್ಲಿ ಯಾರಿದ್ದರೋ ಅವರೆಲ್ಲ ವಿಜ್ಞಾನಿಗಳಾದರು. ದೇವಲಾಪುರದಂಥ ಉಪಕೇಂದ್ರಗಳಲ್ಲಿದ್ದವರು ಸಂಶೋಧನಾ ಸಹಾಯಕರಾಗಿಯೇ ಉಳಿದರು. ಅಶೋಕ್ ಆಗ ತರಬೇತಿಗೆಂದು ಮುಖ್ಯ ಕೇಂದ್ರಕ್ಕೆ ಹೋಗಿದ್ದರು. ನರಸಯ್ಯ ದೇವಲಾಪುರದಲ್ಲಿ ರಾಗಿ ಕುಯ್ಯಿಸುತ್ತಿದ್ದರು.

ಹೆಸರು ಬದಲಾದರೂ ಕೆಲಸ ಬದಲಾಗಲಿಲ್ಲವಾದ್ದರಿಂದ ಇದನ್ನು ಯಾರೂ ದೊಡ್ಡ ವಿಷಯವೆಂದು ತಿಳಿಯಲಿಲ್ಲ. ಮುಂದೆ ವಿಜ್ಞಾನಿಗಳ ನಿವೃತ್ತಿ ವಯಸ್ಸು ಅರವತ್ತೆರಡಕ್ಕೆ ಏರಿತು. ಸಹಾಯಕರದು ಅರವತ್ತಕ್ಕೇ ನಿಂತಿತು. ಅಷ್ಟು ಹೊತ್ತಿಗೆ ಅಶೋಕ್ ಅದೇ ದೇವಲಾಪುರ ಕೇಂದ್ರಕ್ಕೆ ಮುಖ್ಯಸ್ಥರಾಗಿ ಬಂದಿದ್ದರು. ಕಚೇರಿಯೊಳಗೆ ನರಸಯ್ಯ ಅವರನ್ನು 'ಸಾರ್' ಎನ್ನುತ್ತಿದ್ದರು. ಹೊಲಕ್ಕಿಳಿದ ಮೇಲೆ 'ಲೇ ಅಶೋಕ' ಎನ್ನುತ್ತಿದ್ದರು. ಎರಡನ್ನೂ ಇಬ್ಬರೂ ಒಪ್ಪಿಕೊಂಡಿದ್ದರು.

"ಅವ್ನ ಗ್ಯಾನ ಅರವತ್ತೆರಡಕ್ಕೆ ಮುಗೀತದೆ, ನಂದು ಅರವತ್ತಕ್ಕೇ ಮುಗೀತದೆ ಅಂತ ಸರ್ಕಾರಕ್ಕೆ ಯಾರ್ ಏಳುದ್ರೋ" ಎಂದು ನರಸಯ್ಯ ಆಗಾಗ ಅನ್ನುವುದುಂಟು. ಮನೆಯಲ್ಲಿ ಕೂರಲಾರದ ಮನುಷ್ಯ ಅವರಲ್ಲ. ಆದರೆ ಒಂದೇ ಬಾಗಿಲಿನಲ್ಲಿ ಒಟ್ಟಿಗೆ ಒಳಗೆ ಹೋದವರು ಒಟ್ಟಿಗೇ ಹೊರಗೆ ಬರಬೇಕೆಂಬುದು ಅವರ ವಾದ. ಆ ಎರಡು ವರ್ಷ ತನ್ನ ಸೇವೆಯೆಂದು ಬರೆಸಿಕೊಳ್ಳದೆ ಬಿಡುವುದಿಲ್ಲವೆಂದು ನಿರ್ಧರಿಸಿ, ಜಿಲ್ಲೆಯ ಇತರ ಸಂಶೋಧನಾ ಸಹಾಯಕರನ್ನು ಸೇರಿಸಿಕೊಂಡು ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಸಹಿ ಹಾಕಿದವರಲ್ಲಿ ಕೆ.ಆರ್. ಪೇಟೆ ಕಡೆಯ ಕೇಂದ್ರದ ಶಿವಣ್ಣ ಎಂಬವರೂ ಒಬ್ಬರು. ಅವರು ಅರ್ಜಿಯನ್ನು ಓದಲಿಲ್ಲ. ಸಂಘದ ಕ್ಯಾಲೆಂಡರಿಗೆ ಹಣ ಕೇಳಲು ಬಂದಿದ್ದಾರೆಂದು ತಿಳಿದು, ಬರೀ ಸಹಿ ಸಾಕು ಎಂದಾಗ ಸಂತೋಷದಿಂದ ಹಾಕಿದ್ದರು.

ನರಸಯ್ಯ, ಶಿವಣ್ಣ ಇಬ್ಬರಿಗೂ ಅರವತ್ತು ತುಂಬಿದ್ದು ಒಂದೇ ತಿಂಗಳಲ್ಲಿ. ಸರ್ಕಾರಿ ನೌಕರ ಹುಟ್ಟಿದ ದಿನ ನಿವೃತ್ತನಾಗುವುದಿಲ್ಲ. ಆ ತಿಂಗಳ ಕೊನೆಯ ದಿನದ ಅಪರಾಹ್ನ ನಿವೃತ್ತನಾಗುತ್ತಾನೆ. ಇಬ್ಬರ ಪಾಲಿಗೂ ಅದು ೨೦೨೨ರ ನವೆಂಬರ್ ೩೦, ಬುಧವಾರ. ಅರ್ಜಿ ವಿಚಾರಣೆಗೆ ಬರುವುದೂ ಅದೇ ದಿನವೆಂದು ವಕೀಲರು ತಿಳಿಸಿದ್ದರು. "ಏನಾದ್ರೂ ಒಂದು ಆಗುತ್ತೆ, ಧೈರ್ಯವಾಗಿರಿ" ಎಂದಿದ್ದರು.

ಏನಾದರೊಂದು ಆಗುವವರೆಗೆ ಊಟವನ್ನು ನಿಲ್ಲಿಸುವಂತಿರಲಿಲ್ಲ. ಈ ಕೇಂದ್ರಗಳಲ್ಲಿ ನಿವೃತ್ತರಾಗುವವರು ಎಲ್ಲರಿಗೂ ಬಾಡೂಟ ಹಾಕಿಸುವುದು ರೂಢಿ. ಊಟ, ಆಮೇಲೆ ಶಾಲು, ಹಾರ, ಫೋಟೊ, ಬಿಡುಗಡೆ ಪತ್ರ. ಕಡೆಗೆ ಕಚೇರಿಯ ಜೀಪಿನಲ್ಲಿ ಮನೆಯವರೆಗೆ ಬಿಟ್ಟುಬರುವುದು. ಅಂದು ಜೀಪು ಮಧ್ಯಾಹ್ನ ಮಂಡ್ಯದ ಸಭೆಗೆ ಹೋಗಬೇಕಿತ್ತು. ಹಾಗಾಗಿ ಊಟ ಮುಗಿಯುತ್ತಲೇ ನರಸಯ್ಯನವರನ್ನು ನಾಗಮಂಗಲದಲ್ಲಿ ಇಳಿಸಿ ಮುಂದೆ ಹೋಗುವುದೆಂದು ಚಾಲಕ ಚಲುವರಾಜು ಲೆಕ್ಕ ಹಾಕಿದ. ಅವನ ಲೆಕ್ಕವನ್ನು ಕಚೇರಿಯ ಗುಮಾಸ್ತ ನಿಂಗರಾಜು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದ.

"ಸಾ, ಕಾಗ್ದ ಪತ್ರ ಎಲ್ಲ ಊಟುಕ್ ಮುಂಚೇನೇ ಮುಗುಸ್ಬುಡವ. ಉಂಡ್ಮೇಲೆ ಎಲ್ರಿಗೂ ಕಣ್ ಎಳೀತದೆ, ಸೈನು ಎಲ್ಲೆಲ್ಲೋ ಓಯ್ತದೆ."

"ನರಸಯ್ಯ ಏನಂತಾನೆ?" ಎಂದರು ಅಶೋಕ್.

ನರಸಯ್ಯನವರು ಆಗ ಶಾಮಿಯಾನದ ಹತ್ತಿರ ಹಂಡೆಯೊಳಗೆ ಬಗ್ಗಿ ನೋಡುತ್ತಿದ್ದರು. ಹೊಲದ ಆಳುಗಳು ಕುಯ್ಲು ಬಿಟ್ಟು ಬಂದು ಸಾಲಾಗಿ ಕೂತಿದ್ದರು.

"ಮುದ್ದೆ ಆರೋಗೂದ್ರೊಳಗೆ ಏನಾರ ಮಾಡ್ಕಳಿ ಸಾರ್" ಎಂದರು.

ನಿಂಗರಾಜು ಪತ್ರ ತಂದ. 'ಇಂದು ಪೂರ್ವಾಹ್ನ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ' ಎಂದಿತ್ತು. ಊಟಕ್ಕೆ ಮುಂಚೆ ಎಂದರೆ ಪೂರ್ವಾಹ್ನವೇ ತಾನೆ. ಅವನು ಸುಳ್ಳು ಬರೆಯುವವನಲ್ಲ. ಅಶೋಕ್ ಸಹಿ ಹಾಕಿದರು. ನರಸಯ್ಯ ಎಲೆಯ ಮುಂದೆ ಕೂರುವ ಆತುರದಲ್ಲಿ ಸಹಿ ಹಾಕಿ ಬೀರುವಿನ ಬೀಗದಕೈ ಕೊಟ್ಟರು. ಪತ್ರದ ಪ್ರತಿ ಕೂಡಲೇ ಮುಖ್ಯ ಕೇಂದ್ರಕ್ಕೆ ಇ-ಮೇಲಿನಲ್ಲಿ ಹೋಯಿತು. ಊಟ ಬಹಳ ಚೆನ್ನಾಗಿತ್ತು ಎಂಬ ವಿಷಯದಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿಲ್ಲ.

ವಕೀಲರ ಫೋನು ಬಂದಾಗ ನರಸಯ್ಯನವರು ಮನೆಯಲ್ಲಿ ಹಾರವನ್ನು ಎಲ್ಲಿ ನೇತುಹಾಕುವುದೆಂದು ಹೆಂಡತಿ ಬೆಟ್ಟಮ್ಮನೊಡನೆ ಚರ್ಚಿಸುತ್ತಿದ್ದರು. ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತ್ತು: ಅರ್ಜಿದಾರರನ್ನು ಈಗಾಗಲೇ ಬಿಡುಗಡೆ ಮಾಡಿಲ್ಲದಿದ್ದರೆ, ಅಂತಿಮ ತೀರ್ಪಿನವರೆಗೆ ಕೆಲಸದಲ್ಲಿ ಮುಂದುವರಿಸತಕ್ಕದ್ದು.

"ನಿಮ್ಮನ್ನ ಬಿಡುಗಡೆ ಮಾಡಿಲ್ಲ ತಾನೆ?" ಎಂದು ವಕೀಲರು ಕೇಳಿದರು.

"ಮಾಡ್ಬುಟ್ರು."

"ಎಷ್ಟೊತ್ತಿಗೆ?"

"ಊಟುಕ್ ಮುಂಚೆ."

ಪತ್ರದ ಪ್ರತಿಯನ್ನು ಕಳಿಸಿ ಎಂದು ಹೇಳಿ ವಕೀಲರು ಫೋನು ಇಟ್ಟರು.

ಒಡನೆಯೇ ಮತ್ತೆ ಫೋನು ಬಂತು. ಈ ಸಲ ಕೆ.ಆರ್. ಪೇಟೆಯಿಂದ ಶಿವಣ್ಣ. ಅಲ್ಲಿ ಅಡುಗೆ ನಡುವೆ ಗ್ಯಾಸು ಮುಗಿದು ಊಟ ಮೂರು ಗಂಟೆಗೆ ಬಿದ್ದಿತ್ತು. ಬಿಡುಗಡೆ ಪತ್ರ ಊಟದ ನಂತರವೆಂದು ಮೇಜಿನ ಮೇಲೇ ಇತ್ತು. ಉಂಡು ಶಾಲು ಹೊದಿಸುವಷ್ಟರಲ್ಲಿ ಆದೇಶ ತಲುಪಿತು.

"ಲೇ ನರಸಯ್ಯ, ಏನ್ಲಾ ಇದು? ನನ್ನ ಬುಡಕುಲ್ಲ ಅಂತಾವ್ರೆ! ಎಲ್ಡ್ ಸೀಮೆಹಸ ತಂದ್ ಕಟ್ಟಿವ್ನಿ ಕಣ್ಲಾ ಮನೆ ತಾವ, ಯಾರ್ಲಾ ನೋಡ್ಕಳೋರು? ಶಾಲು ಬ್ಯಾರೆ ವಾಪಸ್ ಇಸ್ಕಂಡ್ರು!"

ಓದಿ ಸಹಿ ಹಾಕಬೇಕಿತ್ತೆಂದು ನರಸಯ್ಯ ಹೇಳಿದರು. ಶಿವಣ್ಣ ಅದಕ್ಕೆ ಕೊಟ್ಟ ಉತ್ತರವನ್ನು ಬರೆದುಕೊಳ್ಳುವುದು ಬೇಡವೆಂದು ನರಸಯ್ಯನವರು ಕೋರಿದ್ದಾರೆ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನರಸಯ್ಯ ದೇವಲಾಪುರದ ಕೇಂದ್ರದಲ್ಲಿದ್ದರು. ಅವರ ಕುರ್ಚಿಯ ಮೇಲೆ ನಿಂಗರಾಜು ಕಡತಗಳನ್ನು ಪೇರಿಸಿದ್ದ. ಇವರನ್ನು ಕಂಡು ಎದ್ದು ನಿಂತ. ಹಿಂದಿನ ದಿನದವರೆಗೆ ಅವನು ಎದ್ದು ನಿಂತದ್ದಿಲ್ಲ. ಬೀಳ್ಕೊಟ್ಟವರು ಮರುದಿನವೇ ಬಂದರೆ ಅತಿಥಿಯೋ ನೌಕರರೋ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೀ ಕೊಟ್ಟರು, ಹಾಜರಿ ಪುಸ್ತಕ ಕೊಡಲಿಲ್ಲ.

"ನಿಯಮದ ಪ್ರಕಾರ ನಾನು ರಿಟೈರಾಗೋದು ಅಪರಾಹ್ನ ಸಾರ್. ಅದುಕ್ ಮುಂಚೆ ಬುಡುಗಡೆ ಮಾಡೋ ಅಧಿಕಾರ ನಿಮಗೂ ಇಲ್ಲ, ನಂಗೂ ಇಲ್ಲ" ಎಂದರು ನರಸಯ್ಯ.

"ಸರಿ ಕಣಯ್ಯ. ಆದ್ರೆ ಪತ್ರ ಕಳಿಸ್ಬಿಟ್ಟಿದೀವಲ್ಲ" ಎಂದರು ಅಶೋಕ್. ಮೇಲಿನವರನ್ನು ಕೇಳಿದರು. ಪೂರ್ವಾಹ್ನ ಬಿಡುಗಡೆಯಾದವರಿಗೆ ಅಪರಾಹ್ನದ ಆದೇಶ ತಾಗುವುದಿಲ್ಲವೆಂದು ಮೇಲಿನವರು ಬರೆದರು. ನರಸಯ್ಯ ಇನ್ನೊಂದು ಅರ್ಜಿ ಹಾಕಿದರು. ಅದು ಶಿವಣ್ಣನವರಿದ್ದ ಮೊದಲ ಅರ್ಜಿಯ ಹಿಂದೆ ಸೇರಿಕೊಂಡು ಕೂತಿತು.

ಅಲ್ಲಿಂದ ಮುಂದೆ ಅವರು ಕೇಂದ್ರಕ್ಕೆ ಹೋಗುವುದನ್ನು ಬಿಡಲಿಲ್ಲ, ಆದರೆ ಬೇರೆ ದಾರಿಯಲ್ಲಿ ಹೋದರು. ಕೆಲಸದ ದಿನಗಳಲ್ಲಿ ಯಾವ ರೈತ ಬಂದರೂ ಬೆಳೆಯ ತಾಕುಗಳನ್ನು ತೋರಿಸಿ ವಿವರಿಸಬೇಕೆಂಬುದು ಕೇಂದ್ರದ ಕರ್ತವ್ಯ. ಚಿನಕುರಳಿಯಲ್ಲಿ ನರಸಯ್ಯನವರ ಹೆಸರಿಗೆ ಒಂದೆಕರೆ ಇತ್ತು. ರೈತರಾಗಿ ಬಂದರು. ಅಶೋಕ್ ಬದುವಿನ ಮೇಲೆ ನಿಂತು, ಇಬ್ಬರೂ ಸೇರಿ ಬೆಳೆಸಿದ ತಳಿಯನ್ನು ಅವರಿಗೆ ಗಂಭೀರವಾಗಿ ಪರಿಚಯಿಸಿದರು.

"ಇದು ರಾಗಿ" ಎಂದರು.

"ಔದಾ ಸಾರ್?" ಎಂದರು ನರಸಯ್ಯ. "ಇದ್ನ ತಿಂತಾರಾ?"

"ಮುದ್ದೆ ಮಾಡ್ಕೊಂಡ್ ತಿಂತಾರೆ. ಬಿಸಿ ಇದ್ದಾಗ್ಲೇ ತಿನ್ಬೇಕು. ಆರೋದ್ರೆ ಕೋರ್ಟಿಗೆ ಹೋಗ್ಬೇಕಾಗುತ್ತೆ."

ಕುಯ್ಲಿನ ಹೆಂಗಸರು ಬಹಳ ನಕ್ಕರೆಂದು ನರಸಯ್ಯ ನೆನೆಯುತ್ತಾರೆ. ತಾವು ನಕ್ಕ ನೆನಪಿಲ್ಲ.

ಈ ತಮಾಷೆ ಮುಗಿದದ್ದು ಎರಡನೆಯ ವರ್ಷ. ನ್ಯಾಯಮಂಡಳಿ ಮುಖ್ಯಸ್ಥರಿಂದ ಪ್ರಮಾಣಪತ್ರ ಕೇಳಿತು: ಅರ್ಜಿದಾರರನ್ನು ಪೂರ್ವಾಹ್ನವೇ ಏಕೆ ಬಿಡುಗಡೆ ಮಾಡಲಾಯಿತು? ಇಲಾಖೆಯ ವಕೀಲರು ಕರಡೊಂದನ್ನು ಸಿದ್ಧಮಾಡಿ ಕಳಿಸಿದರು. 'ಅರ್ಜಿದಾರರ ಒಪ್ಪಿಗೆಯ ಮೇರೆಗೆ' ಎಂಬ ಮಾತು ಅದರಲ್ಲಿತ್ತು. ಅದೊಂದು ಮಾತು ನಿಂತರೆ ನರಸಯ್ಯನವರ ಎರಡು ವರ್ಷ ಬಿದ್ದಂತೆ. ತಾನಾಗಿ ಬಿಟ್ಟುಹೋದವನಿಗೆ ನಿಯಮದ ಆಸರೆ ಇರುವುದಿಲ್ಲ.

ಅಶೋಕ್ ಆ ಕರಡು ಹಿಡಿದು ಒಂದು ಭಾನುವಾರ ನಾಗಮಂಗಲದ ಮನೆಗೆ ಬಂದರು. ಕಚೇರಿಯ ವಿಷಯವನ್ನು ಭಾನುವಾರ ಆಡಿದ್ದು ಅದೊಂದೇ ಸಲವಂತೆ. ಬೆಟ್ಟಮ್ಮ ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರು.

"ಸೈನ್ ಹಾಕು ಅಂತಾವ್ರೆ ಕಣ್ಲಾ" ಎಂದರು ಅಶೋಕ್. ಮನೆಯಲ್ಲಿ ಅವರೂ ಊರಿನ ಮಾತಿಗೆ ಇಳಿಯುತ್ತಿದ್ದರು. "ಆಕ್ದೇ ಇದ್ರೆ ನನ್ ಮೇಲೇ ಬರ್ತದೆ. ನಿಯಮ ಮೀರಿ ಬುಡುಗಡೆ ಮಾಡ್ದೋನು ನಾನೇ ಆಯ್ತೀನಿ. ನಂಗೂ ಇನ್ನೇನು, ಕೊನೇ ವರ್ಷ."

ನರಸಯ್ಯ ಕರಡನ್ನು ಓದಿದರು. ಎರಡು ಸಲ ಓದಿದರು.

"ಏಳಿದ್ದು ದಿಟವೇ ಅಲ್ವಾ? ಮುದ್ದೆ ಆರೋಗೂದ್ರೊಳಗೆ ಏನಾರ ಮಾಡ್ಕಳಿ ಅಂದಿದ್ದೆ."

"ಅಂದಿದ್ದೆ."

"ಅಂಗಾರೆ ಆಕು. ನಾನು ಸುಳ್ಳು ಅನ್ನಾಕಾಯ್ತದಾ?"

ಗೆದ್ದಂತೆ ಕಾಣಬೇಕಿದ್ದ ಅಶೋಕ್ ಹಾಗೆ ಕಾಣಲಿಲ್ಲ. ಪೆನ್ನು ತೆಗೆದರು, ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಬೆಟ್ಟಮ್ಮ ತಲೆಯೆತ್ತದೆ ಅವರೆಕಾಯಿಯನ್ನೇ ಮಾತಾಡಿಸುವಂತೆ ಹೇಳಿದರು:

"ಅಲ್ಲ ಕಣಣ್ಣ, ಇವ್ರು ಒಪ್ಕಂಡುದ್ದು ಉಣ್ಣಾಕೆ. ರಿಟೇರ್ ಆಗಾಕಲ್ಲ. ಉಣ್ಣಾಕ್ ಒಪ್ಕಂಡೋರ್ನೆಲ್ಲ ಕೆಲ್ಸ ಬುಡುಸ್ತಾ ಓದ್ರೆ ನಿಮ್ ಆಪೀಸ್ನಾಗ್ ಯಾರ್ ಉಳೀತಾರೆ?"

ಇಬ್ಬರೂ ಗಂಡಸರು ಪರಸ್ಪರ ನೋಡಿಕೊಂಡರು. ವಕೀಲರು, ಗುಮಾಸ್ತರು, ಮೇಲಿನವರು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆಯನ್ನು ಕೈಯಿಂದ ಕೈಗೆ ದಾಟಿಸಿದ್ದರು. ಊಟದ ದಿನ ಏನು ಮಾತಾಯಿತೆಂದು ಯಾರೂ ವಿಚಾರಿಸಿರಲಿಲ್ಲ.

ಅಶೋಕ್ ಕರಡನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಅವರೆಕಾಳಿನ ಹುಳಿ ಆಗುವವರೆಗೆ ಕೂತು, ಉಂಡೇ ಹೋದರು. ನ್ಯಾಯಮಂಡಳಿಗೆ ಅವರು ತಾವೇ ಬರೆದು ಸಲ್ಲಿಸಿದ ಪ್ರಮಾಣಪತ್ರ ಅರ್ಧ ಪುಟದ್ದು. ಅರ್ಜಿದಾರರ ಒಪ್ಪಿಗೆ ಊಟದ ಸಮಯಕ್ಕೆ ಸಂಬಂಧಿಸಿದ್ದೆಂದೂ, ನಿವೃತ್ತಿಯ ಸಮಯದ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲವೆಂದೂ, ಪೂರ್ವಾಹ್ನವೆಂದು ಬರೆದ ಪತ್ರಕ್ಕೆ ತಾನೇ ಹೊಣೆಯೆಂದೂ ಅದರಲ್ಲಿತ್ತು. ಇಲಾಖೆ ಅಶೋಕರಿಗೆ ಕಾರಣ ಕೇಳಿ ನೋಟೀಸು ಕೊಟ್ಟಿತು. ಅದಕ್ಕೆ ಉತ್ತರವಾಗಿ ಅವರು ಅದೇ ಅರ್ಧ ಪುಟದ ಪ್ರತಿಯನ್ನು ಕಳಿಸಿದರು. ಕೆಲವು ತಿಂಗಳ ನಂತರ, ಅರವತ್ತೆರಡಾಗಿ, ಬಾಡೂಟವಿಲ್ಲದೆ ನಿವೃತ್ತರಾದರು. ಆ ಸಂಜೆ ಊಟ ನರಸಯ್ಯನವರ ಮನೆಯಲ್ಲಾಯಿತು.

ಅಂತಿಮ ತೀರ್ಪು ೨೦೨೫ರ ಫೆಬ್ರುವರಿಯಲ್ಲಿ ಬಂತು. ಒಂದೇ ಪದವಿ, ಒಂದೇ ನೇಮಕ, ಒಂದೇ ಕೆಲಸವಾದ್ದರಿಂದ ಸಹಾಯಕರಿಗೂ ನಿವೃತ್ತಿ ವಯಸ್ಸು ಅರವತ್ತೆರಡು ಎಂದು ನ್ಯಾಯಮಂಡಳಿ ಹೇಳಿತು. ಶಿವಣ್ಣ ಅಷ್ಟರಲ್ಲಿ, ಹಸುಗಳನ್ನು ಮಾರಿ, ಎರಡು ವರ್ಷ ಪೂರ್ತಿ ಕೆಲಸ ಮಾಡಿ ಮನೆಗೆ ಹೋಗಿದ್ದರು. ನರಸಯ್ಯನವರಿಗೂ ಅರವತ್ತೆರಡು ದಾಟಿತ್ತು. ಕೆಲಸಕ್ಕೆ ಮರಳುವ ಪ್ರಶ್ನೆ ಉಳಿದಿರಲಿಲ್ಲ. ಅವರು ಹೊರಗಿದ್ದ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಬೇಕೆಂದು ಆದೇಶವಾಯಿತು. ಅಂದರೆ ಬದುವಿನ ಮೇಲೆ ರೈತರಾಗಿ ನಿಂತಿದ್ದ ಅಷ್ಟೂ ದಿನ ಅವರು ಸಂಶೋಧನಾ ಸಹಾಯಕರೇ ಆಗಿದ್ದರು.

ಸಂತೋಷವಾಯಿತೇ ಎಂದು ಕೇಳಿದಾಗ ನರಸಯ್ಯನವರು ಗಡಿಯಾರ ನೋಡಿದರು. ಇನ್ನೂ ಐದೂವರೆ ಆಗಿರಲಿಲ್ಲ.

"ಎಲ್ಡ್ ವರ್ಸ ನಂಗೆ ಗೊತ್ತಾಗ್ದಂಗೆ ಕೆಲ್ಸ ಮಾಡ್ಬುಟ್ಟಿವ್ನಿ" ಎಂದರು. "ಮೊದ್ಲೇ ಏಳಿದ್ರೆ ಇನ್ನೂ ಚೆನ್ನಾಗ್ ಮಾಡ್ತಿದ್ದೆ."

ಅವರ ಸೇವಾ ಪುಸ್ತಕದ ಕೊನೆಯ ನಮೂದನ್ನು ನಿಂಗರಾಜು ೨೦೨೫ನೇ ಮಾರ್ಚ್ ೩ರ ಸೋಮವಾರ ಬರೆದಿದ್ದಾನೆ: ಶ್ರೀ ನರಸಯ್ಯ, ಸಂಶೋಧನಾ ಸಹಾಯಕರು, ದಿನಾಂಕ ೩೦-೧೧-೨೦೨೪ರ ಅಪರಾಹ್ನ ವಯೋನಿವೃತ್ತಿ ಹೊಂದಿದ್ದಾರೆ.